ಶಿಲುಬೆಯ ಹಚ್ಚೆ: ವಚನದ ಜೊತೆ ಸೂಜಿಯನ್ನೂ ನೋಡಿ

ಮಾನ್ಯ ಸಂಪಾದಕರೇ,

ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲ ಶುರುವಾಯಿತೆಂದರೆ ಬೆಂಗಳೂರಿನ ಎಷ್ಟೋ ಕ್ರೈಸ್ತ ಮನೆಗಳಲ್ಲಿ ಒಂದು ಜಗಳವೂ ಶುರುವಾಗುತ್ತದೆ. ಕಾಲೇಜಿಗೆ ಹೋಗುವ ಮಗನೋ ಮಗಳೋ ಕೈಮೇಲೆ ಶಿಲುಬೆಯ ಹಚ್ಚೆ ಹಾಕಿಸಿಕೊಳ್ಳುತ್ತೇನೆ ಅನ್ನುತ್ತಾರೆ. ಅಪ್ಪ ಸತ್ಯವೇದ, ಅಂದರೆ ಬೈಬಲ್, ತೆರೆದು ಯಾಜಕಕಾಂಡ 19ನೇ ಅಧ್ಯಾಯದ 28ನೇ ವಚನದ ಮೇಲೆ ಬೆರಳಿಡುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ, ಆಸೆ ಮುಗಿಯುವುದಿಲ್ಲ. ಮನೆಯಲ್ಲಿ ಕೇಳಿ ಬೈಸಿಕೊಂಡ ಮಕ್ಕಳು ಕೊನೆಗೆ ಹೋಗಿ ಕೂರುವುದು ಜಾತ್ರೆಯಲ್ಲೋ ಫುಟ್‌ಪಾತಿನಲ್ಲೋ ಕೆಲವೇ ನೂರು ರೂಪಾಯಿಗೆ ಚುಚ್ಚಿಕೊಡುವವನ ಮುಂದೆ. ವಚನ ಹೇಳುವವರು ಸೂಜಿಯ ಮಾತೆತ್ತುವುದಿಲ್ಲ, ಸೂಜಿ ಬಲ್ಲವರು ವಚನದ ತಂಟೆಗೆ ಬರುವುದಿಲ್ಲ. ಎರಡನ್ನೂ ಒಟ್ಟಿಗೆ ಹೇಳುವವರು ಬೇಕು ಅನ್ನಿಸಿದ್ದರಿಂದ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಕ್ಷಮೆಯಿರಲಿ.

ಮೊದಲು ವಚನ. ಸತ್ತವರಿಗಾಗಿ ಮೈ ಕೊಯ್ದುಕೊಳ್ಳಬೇಡಿ, ಮೈಮೇಲೆ ಹಚ್ಚೆಯ ಗುರುತು ಹಾಕಿಕೊಳ್ಳಬೇಡಿ ಎಂಬುದು ಅದರ ಸಾರ. ಹಚ್ಚೆ ಎಂದು ನಾವು ಓದುವ ಕಡೆ ಮೂಲ ಹೀಬ್ರೂವಿನಲ್ಲಿ ಇರುವ ಪದ ಇಡೀ ಬೈಬಲಿನಲ್ಲಿ ಬರುವುದು ಅದೊಂದೇ ಕಡೆ. ಹೋಲಿಸಿ ನೋಡಲು ಇನ್ನೊಂದು ವಾಕ್ಯವಿಲ್ಲ. ಹಾಗಾಗಿ ಚುಚ್ಚಿ ಬಣ್ಣ ತುಂಬುವುದೋ, ಬರೆ ಹಾಕುವುದೋ, ಬರಿದೇ ಬಳಿದುಕೊಳ್ಳುವುದೋ ಎಂಬ ಚರ್ಚೆ ಪಂಡಿತರಲ್ಲಿ ಇನ್ನೂ ಇದೆ.

ಇದಕ್ಕೆ ಹುಡುಗರು ಕೊಡುವ ಉತ್ತರ ಎಲ್ಲರಿಗೂ ಬಾಯಿಪಾಠ. ಹಿಂದಿನ ವಚನದಲ್ಲೇ ಗಡ್ಡದ ಅಂಚು ಕತ್ತರಿಸಬೇಡಿ ಅಂತಿದೆ, 19ನೇ ವಚನದಲ್ಲಿ ಎರಡು ಬಗೆಯ ನೂಲು ಬೆರೆಸಿದ ಬಟ್ಟೆ ಬೇಡ ಅಂತಿದೆ, ಅಪ್ಪ ಮಾತ್ರ ನುಣ್ಣಗೆ ಗಡ್ಡ ಬೋಳಿಸಿ ಟೆರಿಕಾಟ್ ಪ್ಯಾಂಟು ಹಾಕಿಕೊಂಡೇ ಚರ್ಚಿಗೆ ಬರುತ್ತಾರಲ್ಲ? ಕೇಳಲು ಚೆನ್ನಾಗಿದೆ, ಆದರೆ ವಾದ ನಿಲ್ಲುವುದಿಲ್ಲ. ಮುಂದಿನ ವಚನವನ್ನೂ ಓದಬೇಕಲ್ಲ: ಮಗಳನ್ನು ವೇಶ್ಯಾವೃತ್ತಿಗೆ ಬಿಡಬೇಡ ಅನ್ನುತ್ತದೆ ಅದು. ಅದೂ ರದ್ದಾಯಿತೇ? ಅಕ್ಕಪಕ್ಕ ಯಾವ ವಚನವಿದೆ ಎಂದು ನೋಡಿ ಒಂದು ವಚನದ ಬೆಲೆ ಕಟ್ಟಲು ಬರುವುದಿಲ್ಲ.

ಎರಡನೆಯ ಉತ್ತರ, ಅದು ಸತ್ತವರ ಶೋಕದ ಆಚರಣೆಗೆ ಮಾತ್ರ ಅನ್ವಯ ಎಂಬುದು. ಇದರಲ್ಲಿ ಹುರುಳಿದೆ. ಶೋಕಕ್ಕೂ ದೇವತಾರಾಧನೆಗೂ ಮೈ ಕೊಯ್ದುಕೊಳ್ಳುವುದು ಆ ಸೀಮೆಯಲ್ಲಿ ರೂಢಿಯಲ್ಲಿತ್ತು; ಬಾಳ್ ಎಂಬ ದೇವತೆಯ ಪ್ರವಾದಿಗಳು ರಕ್ತ ಸುರಿಯುವಂತೆ ಗಾಯ ಮಾಡಿಕೊಂಡದ್ದು 1 ಅರಸುಗಳು 18ರಲ್ಲಿದೆ. ಆದರೆ ವಾಕ್ಯವನ್ನು ನಿಧಾನವಾಗಿ ಓದಿದರೆ ‘ಸತ್ತವರಿಗಾಗಿ’ ಎಂಬ ಮಾತು ಅಂಟಿಕೊಂಡಿರುವುದು ಕೊಯ್ತಕ್ಕೆ. ಹಚ್ಚೆಯ ಮಾತು ಬೇರೆಯಾಗಿಯೇ ನಿಂತಿದೆ. ಹಾಗಾಗಿ ಇದೂ ಬೀಗಮುದ್ರೆ ಹಾಕಿದ ಉತ್ತರವಲ್ಲ. ಒಂದು ವೇಳೆ ಶೋಕದ ಹಚ್ಚೆಯೇ ನಿಷೇಧ ಅನ್ನುವುದಾದರೆ, ಇವತ್ತು ಆ ವಚನಕ್ಕೆ ತೀರಾ ಹತ್ತಿರ ಬರುವುದು ತೀರಿಕೊಂಡ ತಾಯಿಯ ಹೆಸರು, ಹುಟ್ಟಿದ ದಿನ, ಹೋದ ದಿನ ಬರೆಸಿಕೊಳ್ಳುವ ಹಚ್ಚೆ. ಅದನ್ನು ಕಂಡರೆ ಹಿರಿಯರು ಕಣ್ಣೊರೆಸಿಕೊಳ್ಳುತ್ತಾರೆ, ಶಿಲುಬೆ ಕಂಡರೆ ರೇಗುತ್ತಾರೆ.

ಯೆಹೂದ್ಯರ ಧರ್ಮನಿಯಮಗಳ ಹಳೆಯ ಸಂಗ್ರಹವಾದ ಮಿಷ್ನಾದಲ್ಲಿ, ಮಕ್ಕೋತ್ ಎಂಬ ಭಾಗದಲ್ಲಿ, ಇನ್ನೊಂದು ಸ್ವಾರಸ್ಯವಿದೆ. ಬರೆದರಷ್ಟೇ ಸಾಲದು, ಚುಚ್ಚಿ ಬಣ್ಣವನ್ನೂ ತುಂಬಿದರೆ ಮಾತ್ರ ತಪ್ಪು ಎಂದು ಅಲ್ಲಿ ಹೇಳಿದೆ. ದೇವರ ಹೆಸರನ್ನು ಬರೆದರೆ ಮಾತ್ರ ತಪ್ಪು ಎಂಬುದು ಅಲ್ಲೇ ದಾಖಲಾಗಿರುವ ಇನ್ನೊಬ್ಬ ರಬ್ಬಿಯ, ಅಂದರೆ ಯೆಹೂದ್ಯ ಧರ್ಮಗುರುವಿನ, ಅಭಿಪ್ರಾಯ. ಆ ಲೆಕ್ಕದಲ್ಲಿ ಚಿಟ್ಟೆ, ಗುಲಾಬಿ ಹಾಕಿಸಿಕೊಂಡವರು ಪಾರು. ಹೀಬ್ರೂ ಅಕ್ಷರದಲ್ಲಿ ಯೆಹೋವನ ಹೆಸರು ಬರೆಸಿಕೊಂಡ ಭಕ್ತರು ಸಿಕ್ಕಿಬಿದ್ದರು!

ಕ್ರೈಸ್ತರ ಮಟ್ಟಿಗೆ ಗಟ್ಟಿಯಾದ ನೆಲ ಇರುವುದು ಅಪೊಸ್ತಲರ ಕೃತ್ಯಗಳು 15ರಲ್ಲಿ. ಯೆಹೂದ್ಯರಲ್ಲದ ಅನ್ಯಜನಾಂಗದಿಂದ ಬಂದವರು, ಯಾಜಕಕಾಂಡವೂ ಸೇರಿದ ಮೋಶೆಯ ಧರ್ಮಶಾಸ್ತ್ರದಲ್ಲಿ ಎಷ್ಟನ್ನು ಪಾಲಿಸಬೇಕು ಎಂಬ ಪ್ರಶ್ನೆಗೆ ಯೆರೂಸಲೇಮಿನ ಸಭೆ ಸುನ್ನತಿಯನ್ನೇ ಕೈಬಿಟ್ಟು ನಾಲ್ಕು ಸಂಗತಿ ಉಳಿಸಿತು: ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದು, ಜಾರತ್ವ. ಹಚ್ಚೆ ಆ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಅಪೊಸ್ತಲ ಪೌಲನ ಅಳತೆಗೋಲು 1 ಕೊರಿಂಥ 10:23ರಲ್ಲಿದೆ: ಅಪ್ಪಣೆ ಇದ್ದ ಮಾತ್ರಕ್ಕೆ ಎಲ್ಲವೂ ಹಿತವಲ್ಲ. ದೇಹ ಪವಿತ್ರಾತ್ಮನ ಆಲಯ ಎಂಬ 1 ಕೊರಿಂಥ 6:19ನ್ನು ಹಚ್ಚೆಯ ವಿರುದ್ಧ ಬೀಸುವವರು ಹಿಂದಿನ ನಾಲ್ಕು ವಚನ ಓದಲಿ. ಅಲ್ಲಿನ ಪ್ರಸಂಗ ಜಾರತ್ವ. ಆಲಯದ ಮಾತು ಮೈಗೆಲ್ಲ ಅನ್ವಯಿಸುವುದಾದರೆ ಭಾನುವಾರದ ಆರಾಧನೆ ಮುಗಿಸಿ ಗೇಟಿನ ಹೊರಗೆ ಗುಟ್ಕಾ ಚೀಟಿ ಹರಿಯುವವರಿಗೂ ಅನ್ವಯಿಸಬೇಕು. ಪರವಾಗಿ ಇರುವವರೂ ಅತಿ ಮಾಡುತ್ತಾರೆ. ಪ್ರಕಟನೆ 19:16ರಲ್ಲಿ ತೊಡೆಯ ಮೇಲೆ ಹೆಸರು ಬರೆದಿತ್ತು ಎಂದಿರುವುದನ್ನು ಹಿಡಿದು ಯೇಸುವಿಗೇ ಟ್ಯಾಟೂ ಇತ್ತು ಅನ್ನುವವರಿದ್ದಾರೆ. ಅದು ದರ್ಶನದ ಭಾಷೆ, ಅದರಿಂದ ಅಂಗಡಿಗೆ ಡಿಸೈನ್ ತೆಗೆಯಲಾಗದು. ‘ಯೆಹೋವನವನು’ ಎಂದು ಕೈಮೇಲೆ ಬರೆದುಕೊಳ್ಳುವವನ ಪ್ರಸ್ತಾಪ ಯೆಶಾಯ 44:5ರಲ್ಲಿದೆ, ಅಲ್ಲಿ ಬೈಗುಳವಿಲ್ಲ ಎಂಬುದಷ್ಟು ನಿಜ.

ಇನ್ನು ‘ಕ್ರೈಸ್ತರಲ್ಲಿ ಈ ಪದ್ಧತಿಯೇ ಇಲ್ಲ, ಇದು ಸಿನಿಮಾದವರ ಶೋಕಿ’ ಎಂಬ ಮಾತು. ಈಜಿಪ್ಟಿನ ಕೋಪ್ಟಿಕ್ ಕ್ರೈಸ್ತರು ಬಲಗೈ ಮಣಿಕಟ್ಟಿನ ಒಳಬದಿಯಲ್ಲಿ ಪುಟ್ಟ ಶಿಲುಬೆ ಚುಚ್ಚಿಸಿಕೊಳ್ಳುವುದು ತಲೆಮಾರುಗಳ ರೂಢಿ, ಮಕ್ಕಳಿಗೂ ಹಾಕಿಸುತ್ತಾರೆ. ಇಥಿಯೋಪಿಯಾ, ಎರಿಟ್ರಿಯಾಗಳಲ್ಲಿ ಹಣೆಯ ಮೇಲೆಯೇ ಶಿಲುಬೆ. ಯೆರೂಸಲೇಮಿನ ಹಳೇ ಪಟ್ಟಣದಲ್ಲಿ ರಜ್ಜೂಕ್ ಎಂಬ ಮನೆತನ ಯಾತ್ರಿಕರಿಗೆ ಹಚ್ಚೆ ಹಾಕುವುದನ್ನೇ ಕುಲಕಸುಬು ಮಾಡಿಕೊಂಡಿದೆ. ಮರದ ಅಚ್ಚಿನಲ್ಲಿ ಕೆತ್ತಿದ ಚಿತ್ರವನ್ನು ಮೊದಲು ಚರ್ಮದ ಮೇಲೆ ಒತ್ತಿ, ಆ ಗೆರೆಯ ಮೇಲೆ ಚುಚ್ಚುವುದು ಅವರ ಕ್ರಮ. ಇಂಗ್ಲೆಂಡಿನ ಏಳನೇ ಎಡ್ವರ್ಡ್ ಯುವರಾಜನಾಗಿದ್ದಾಗ 1862ರಲ್ಲಿ ಯೆರೂಸಲೇಮಿನಲ್ಲಿ ಹಚ್ಚೆ ಹಾಕಿಸಿಕೊಂಡ. ಅದಕ್ಕೂ ಬಹಳ ಹಿಂದೆ, ಕ್ರಿ.ಶ. 787ರಲ್ಲಿ ಇಂಗ್ಲೆಂಡಿನಲ್ಲಿ ಸೇರಿದ ಸಭೆಯೊಂದು ಅನ್ಯದೇವತೆಯ ಹೆಸರಿನ ಗುರುತುಗಳನ್ನು ಖಂಡಿಸಿ, ದೇವರಿಗಾಗಿ ಹಾಕಿಸಿಕೊಂಡದ್ದಾದರೆ ಮಾತು ಬೇರೆ ಎಂದಿತ್ತು. 2018ರ ಮಾರ್ಚಿನಲ್ಲಿ ಪೋಪ್ ಫ್ರಾನ್ಸಿಸ್ ಯುವಜನರ ಸಭೆಯಲ್ಲಿ ಹಚ್ಚೆಗೆ ಹೆದರಬೇಡಿ ಎಂದಾಗ ಉದಾಹರಣೆಗೆ ತೆಗೆದುಕೊಂಡದ್ದು ಎರಿಟ್ರಿಯಾದ ಆ ಹಣೆಯ ಶಿಲುಬೆಯನ್ನೇ. ಕಥೋಲಿಕ ಚರ್ಚಿನ ಕಾನೂನಿನಲ್ಲಿ ಹಚ್ಚೆ ಇದ್ದವರಿಗೆ ಸಂಸ್ಕಾರ ಕೊಡಬಾರದು ಎಂಬ ನಿಯಮವಿಲ್ಲ. ಪೆಂತೆಕೊಸ್ತ್ ಸಭೆಗಳಲ್ಲಿ ಒಡವೆಯೇ ಬೇಡ ಅನ್ನುವವರು ಬಹಳ. ಅವರು ಹಚ್ಚೆಯೂ ಬೇಡ ಅಂದರೆ ಅದು ಅವರ ಶಿಸ್ತು, ಆ ಸಭೆಗೆ ಸೇರಿದವರು ಅದನ್ನು ಗೌರವಿಸಬೇಕು. ಆದರೆ ಅದನ್ನೇ ಇಡೀ ಕ್ರೈಸ್ತಲೋಕದ ತೀರ್ಪು ಎಂದು ಸಾರುವುದು ತಪ್ಪು.

ನನ್ನ ತೀರ್ಮಾನ ಇಷ್ಟು: ಪಾಪ ಎಂದು ಮುದ್ರೆಯೊತ್ತಲು ವಚನದ ಬಲ ಸಾಲದು, ಪುಣ್ಯ ಅನ್ನಲಂತೂ ಏನೂ ಇಲ್ಲ. ಹದಿನೆಂಟು ತುಂಬುವವರೆಗೆ ಬೇಡ. ಆಮೇಲೆ ಬೇಕೇ ಬೇಕೆಂದರೆ ಕಪ್ಪು ಶಾಯಿಯಲ್ಲಿ ಒಂದು ಸಣ್ಣ ಶಿಲುಬೆ, ಅಂಗಿಯ ತೋಳಿನಿಂದ ಮುಚ್ಚಬಹುದಾದ ಜಾಗದಲ್ಲಿ. ಅದನ್ನೂ ಮೂರು ತಿಂಗಳು ಅದೇ ಜಾಗದಲ್ಲಿ ಪೆನ್ನಿನಲ್ಲಿ ಬರೆದುಕೊಂಡು ಓಡಾಡಿದ ಮೇಲೆ. ಅಷ್ಟರಲ್ಲಿ ಅರ್ಧ ಜನಕ್ಕೆ ಬೇಸರ ಬಂದಿರುತ್ತದೆ. ಮೂರು ತಿಂಗಳ ಪೆನ್ನಿನ ಬದಲು ತಾತ್ಕಾಲಿಕ ಹಚ್ಚೆ ಅಂತ ಸಂತೆಯಲ್ಲಿ ಹಾಕುವ ಕಡುಕಪ್ಪು ಮೆಹೆಂದಿಗೆ ಹೋಗಬೇಡಿ. ಮದರಂಗಿ ಸೊಪ್ಪಿನ ಬಣ್ಣ ಕಿತ್ತಳೆಗೆಂಪು. ಅದು ಕಪ್ಪಗಾಗಲು ಕೂದಲಿಗೆ ಹಚ್ಚುವ ಡೈನಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಬೆರೆಸುತ್ತಾರೆ. ಅದರಿಂದ ಬೊಕ್ಕೆ ಎದ್ದು ಚಿತ್ರದ ಆಕಾರದಲ್ಲೇ ಕಲೆ ಉಳಿಯುವುದುಂಟು.

ಈಗ ಸೂಜಿ. ಚರ್ಮದ ಮೇಲ್ಪದರ ಸುಮಾರು ತಿಂಗಳಿಗೊಮ್ಮೆ ಉದುರಿ ಹೊಸದಾಗುತ್ತದೆ. ಶಾಯಿ ಅಲ್ಲೇ ಕೂತರೆ ಅದರ ಜೊತೆ ಉದುರಿಹೋಗುತ್ತದೆ. ಅದು ಕೂರಬೇಕಾದ್ದು ಕೆಳಗಿನ ಒಳಚರ್ಮದಲ್ಲಿ, ಒಂದರಿಂದ ಎರಡು ಮಿಲಿಮೀಟರ್ ಆಳದಲ್ಲಿ. ಅಲ್ಲಿ ಮೈಯ ಕಾವಲುಕೋಶಗಳು ಬಣ್ಣದ ಕಣವನ್ನು ನುಂಗಿ ಹಿಡಿದುಕೊಳ್ಳುತ್ತವೆ; ಒಂದು ಕೋಶ ಸತ್ತರೆ ಅದು ಬಿಟ್ಟ ಕಣವನ್ನು ಪಕ್ಕದ ಕೋಶ ಹಿಡಿಯುತ್ತದೆ. ಹಚ್ಚೆ ಉಳಿಯುವುದು ಹೀಗೆ. ಕೈ ಪಳಗದವನು ಇನ್ನೂ ಆಳಕ್ಕೆ ಚುಚ್ಚಿದರೆ ಶಾಯಿ ಕೆಳಗಿನ ಕೊಬ್ಬಿನ ಪದರಕ್ಕೆ ಇಳಿದು, ಒದ್ದೆ ಕಾಗದದ ಮೇಲೆ ಇಂಕ್ ಹರಡಿದ ಹಾಗೆ ಗೆರೆಯ ಸುತ್ತ ನೀಲಿಮಬ್ಬು ಕಟ್ಟುತ್ತದೆ. ಮಣಿಕಟ್ಟಿನ ಒಳಬದಿ, ಬೆರಳ ಪಕ್ಕ, ಪಾದದ ಮೇಲೆ ಚರ್ಮ ತೆಳು. ಈ ಅವಾಂತರ ಅಲ್ಲೇ ಹೆಚ್ಚು. ಉಂಗುರದ ಬೆರಳಿನ ಮೇಲೆ ಹಾಕಿಸುವ ಪುಟ್ಟ ಶಿಲುಬೆ ಈಗ ಫ್ಯಾಷನ್ನು, ಆದರೆ ಪಾತ್ರೆ ತೊಳೆದು ಬಟ್ಟೆ ಒಗೆಯುವ ಕೈಯಲ್ಲಿ ಅದು ಬೇಗ ಮಾಸುತ್ತದೆ.

ಅಂಗಡಿಯಲ್ಲಿ ಕೂತ ಮೇಲೆ ನೋಡಬೇಕಾದ್ದನ್ನು ಕ್ರಮವಾಗಿ ಹೇಳುತ್ತೇನೆ. ಸೂಜಿ ಈಗ ಕಾರ್ಟ್ರಿಜ್ ರೂಪದಲ್ಲಿ, ಒಂದೊಂದೂ ಬೇರೆ ಬೇರೆ ಪೊಟ್ಟಣದಲ್ಲಿ ಬರುತ್ತದೆ. ಪೊಟ್ಟಣದ ಮೇಲೆ ‘3ಆರ್‌ಎಲ್’, ‘7ಆರ್‌ಎಲ್’ ಎಂದಿರುತ್ತದೆ. ಅಂಕಿ ಎಷ್ಟು ಸೂಜಿಗಳ ಗೊಂಚಲು ಎಂಬುದು, ಆರ್‌ಎಲ್ ಅಂದರೆ ಗೆರೆ ಎಳೆಯುವ ದುಂಡು ಜೋಡಣೆ. ಸಣ್ಣ ಶಿಲುಬೆಗೆ ಇಷ್ಟು ಸಾಕು. ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಹರಿಯಬೇಕು, ಅದರಲ್ಲಿ ಬ್ಯಾಚ್ ನಂಬರು, ಅವಧಿ ಮುಗಿಯುವ ದಿನ, ಕ್ರಿಮಿಶುದ್ಧಿ ಮಾಡಿದ ಗುರುತು ಇರಬೇಕು. ‘ಸ್ಪಿರಿಟ್‌ನಲ್ಲಿ ಅದ್ದಿಟ್ಟಿದ್ದೇನೆ, ಡೆಟಾಲ್ ಹಾಕಿದ್ದೇನೆ’ ಅಂದರೆ ಎದ್ದು ಬನ್ನಿ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ ಕನಿಷ್ಠ ಏಳು ದಿನ ಬದುಕಿರುತ್ತದೆ. ಮತ್ತೆ ಬಳಸುವ ಲೋಹದ ಹಿಡಿ ಇದ್ದರೆ ಅದು ಆಟೋಕ್ಲೇವ್ ಎಂಬ ಒತ್ತಡದ ಪಾತ್ರೆಯಲ್ಲಿ 121 ಡಿಗ್ರಿ ಹಬೆಯಲ್ಲಿ 15ರಿಂದ 30 ನಿಮಿಷ ಬೆಂದಿರಬೇಕು. ಚೀಲದ ಮೇಲಿನ ಪಟ್ಟಿಯ ಬಣ್ಣ ಬದಲಾಗಿದ್ದರೆ ಆ ಬಿಸಿ ತಾಗಿದೆ ಎಂದರ್ಥ. ಕೂದಲು ತೆಗೆಯುವ ರೇಜರ್ ಹೊಸದು. ಶಾಯಿಯನ್ನು ಬಾಟಲಿಯಿಂದ ಬೆರಳುಗುರಿನಷ್ಟು ಪುಟ್ಟ ಪ್ಲಾಸ್ಟಿಕ್ ಬಟ್ಟಲಿಗೆ ಸುರಿದುಕೊಳ್ಳಬೇಕು, ಉಳಿದದ್ದನ್ನು ಚೆಲ್ಲಬೇಕು. ಉಳಿದ ಶಾಯಿಯನ್ನು ಬಾಟಲಿಗೆ ವಾಪಸು ಸುರಿಯುವವನು ನಿಮ್ಮ ರಕ್ತವನ್ನು ಮುಂದಿನವರಿಗೆ ಹಂಚುತ್ತಿದ್ದಾನೆ.

ಸೂಜಿ ಹೊಸದಾಗಿದ್ದರೂ ಕೆಡುವುದು ನೀರಿನಲ್ಲಿ. ಬೂದುನೆರಳು ಬರಲೆಂದು ಕಪ್ಪು ಶಾಯಿಯನ್ನು ತೆಳುವು ಮಾಡುತ್ತಾರೆ. ಅದಕ್ಕೆ ಸ್ಟೆರೈಲ್ ವಾಟರ್, ಅಂದರೆ ಕ್ರಿಮಿಶುದ್ಧ ನೀರು, ಬಳಸಬೇಕು. ನಮ್ಮಲ್ಲಿ ನಲ್ಲಿ ನೀರು, ಟ್ಯಾಂಕರ್ ನೀರು, ಕ್ಯಾನ್ ನೀರು ಯಾವುದು ಕೈಗೆ ಸಿಕ್ಕಿತೋ ಅದು. ಕುಡಿಯಲು ಯೋಗ್ಯವಾದ ನೀರು ಚರ್ಮದೊಳಕ್ಕೆ ಚುಚ್ಚಲು ಯೋಗ್ಯವಲ್ಲ. ಕ್ಷಯದ ಬ್ಯಾಕ್ಟೀರಿಯಾದ ದಾಯಾದಿಗಳು ನೀರಿನಲ್ಲಿ ಇರುತ್ತವೆ; ಅವು ಹೊಕ್ಕರೆ ಒಂದರಿಂದ ಮೂರು ವಾರದಲ್ಲಿ, ನೆರಳು ತುಂಬಿದ ಭಾಗದಲ್ಲಷ್ಟೇ, ಸಾಸಿವೆಕಾಳಿನಂಥ ಕೆಂಪು ಗುಳ್ಳೆ ಏಳುತ್ತವೆ. ಅಂಗಡಿಯ ಸಾಮಾನ್ಯ ಆ್ಯಂಟಿಬಯಾಟಿಕ್‌ಗೆ ಬಗ್ಗುವುದಿಲ್ಲ, ತಿಂಗಳುಗಟ್ಟಲೆ ಮಾತ್ರೆ ನುಂಗಬೇಕಾಗುತ್ತದೆ. ಯೇಸುವಿನ ಮುಖದ ಚಿತ್ರ ಹಾಕಿಸುವವರು ಇದನ್ನು ಗಮನಿಸಬೇಕು, ಅದರಲ್ಲಿ ನೆರಳೇ ಹೆಚ್ಚು. ಅಂಗೈ ಅಗಲಕ್ಕಿಂತ ಚಿಕ್ಕದಾದರೆ ಹತ್ತು ವರ್ಷದಲ್ಲಿ ಕಣ್ಣು, ಮುಳ್ಳಿನ ಕಿರೀಟ, ಗಡ್ಡ ಎಲ್ಲ ಕಲಸಿಕೊಂಡು ಯಾರ ಮುಖ ಎಂದು ಕೇಳುವ ಹಾಗಾಗುತ್ತದೆ.

ಶಾಯಿಯೂ ನಂಬುವಂಥದ್ದಲ್ಲ. 2025ರಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆ ಹಚ್ಚೆ ಶಾಯಿಯ ಮಾದರಿಗಳಲ್ಲಿ ಭಾರಲೋಹಗಳು ಸಿಕ್ಕಿದ್ದನ್ನು ಹೇಳಿ, ನಿಯಂತ್ರಣಕ್ಕೆ ಕೇಂದ್ರವನ್ನು ಕೋರುವುದಾಗಿ ತಿಳಿಸಿತ್ತು. ಐರೋಪ್ಯ ಒಕ್ಕೂಟ 2022ರ ಜನವರಿಯಿಂದ ಶಾಯಿಯಲ್ಲಿನ ನಾಲ್ಕು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳಿಗೆ ಕಡಿವಾಣ ಹಾಕಿದೆ. ಬಣ್ಣಗಳಲ್ಲಿ ಹೆಚ್ಚು ತಕರಾರು ಕೆಂಪಿನದು. ಕ್ರಿಸ್ತನ ರಕ್ತ ಎಂದು ಶಿಲುಬೆಯ ಕೆಳಗೆ ಎರಡು ಹನಿ ಕೆಂಪು ಹಾಕಿಸಿದರೆ, ತಿಂಗಳುಗಳ ನಂತರ ಆ ಎರಡು ಹನಿ ಮಾತ್ರ ಉಬ್ಬಿ ತುರಿಸುವುದುಂಟು. ಕಪ್ಪು ಸಾಕು.

ಕೆಲವರು ಹಾಕಿಸಿಕೊಳ್ಳಲೇಬಾರದು. ಕಿವಿ ಚುಚ್ಚಿದ ಜಾಗದಲ್ಲೋ ಮೊಡವೆ ಒಣಗಿದ ಜಾಗದಲ್ಲೋ ಗಂಟುಗಂಟಾಗಿ ಕಲೆ ಬೆಳೆದವರಿಗೆ ಹಚ್ಚೆಯ ಗೆರೆಯೂ ಹಾಗೇ ಬೆಳೆಯಬಹುದು. ನಮ್ಮಂಥ ಕಪ್ಪುಚರ್ಮದವರಲ್ಲಿ ಇದು ಹೆಚ್ಚು, ಎದೆಯ ನಡುಮೂಳೆಯ ಮೇಲೆ, ಭುಜದ ಮೇಲೆ ಇನ್ನೂ ಹೆಚ್ಚು. ಶಿಲುಬೆಗೆ ಹುಡುಗರು ಆರಿಸುವುದು ಅದೇ ಜಾಗ ನೋಡಿ. ತೊನ್ನು ಅಥವಾ ಸೋರಿಯಾಸಿಸ್ ಇದ್ದವರಿಗೆ ಚುಚ್ಚಿದ ಗೆರೆಯ ಉದ್ದಕ್ಕೂ ಹೊಸ ಮಚ್ಚೆ ಏಳಬಹುದು. ಸಕ್ಕರೆ ಹತೋಟಿಯಲ್ಲಿ ಇಲ್ಲದವರು, ರಕ್ತ ತೆಳುವಾಗುವ ಮಾತ್ರೆ ತಿನ್ನುವವರು, ಬಸುರಿಯರು ದೂರವಿರಬೇಕು.

ವಾಸಿಯಾಗುವ ಹೊತ್ತಿನ ತಪ್ಪುಗಳು ನಮ್ಮವರಲ್ಲೇ ವಿಶೇಷ. ದಿನಕ್ಕೆರಡು ಸಲ ಸೌಮ್ಯ ಸೋಪಿನಲ್ಲಿ ತೊಳೆದು, ಒತ್ತಿ ಒರೆಸಿ, ಕೊಟ್ಟ ಮುಲಾಮನ್ನು ತೆಳ್ಳಗೆ ಹಚ್ಚುವುದು, ನಾಲ್ಕನೇ ದಿನದಿಂದ ಏಳುವ ಹೊಟ್ಟನ್ನು ಕೀಳದೆ ಬಿಡುವುದು, ಇಷ್ಟೇ ಕೆಲಸ. ಅರಿಶಿನ ಬೇಡ. ವೇಳಾಂಕಣಿಯಿಂದ ತಂದ ಎಣ್ಣೆ ಬೇಡ, ಪ್ರಾರ್ಥನಾಕೂಟದ ಅಭಿಷೇಕದ ಎಣ್ಣೆಯೂ ಬೇಡ. ಭಕ್ತಿಗೆ ಕೊರತೆಯಾಗದು, ಹಣೆಗೆ ಹಚ್ಚಿಕೊಳ್ಳಿ. ತೆರೆದ ಗಾಯಕ್ಕೆ ಯಾರ್ಯಾರೋ ಬೆರಳದ್ದಿದ ಎಣ್ಣೆ ಸೋಂಕಿನ ದಾರಿ. ಮೂರು ದಿನದ ಮೇಲೂ ಕೆಂಪು ಹರಡುತ್ತಿದ್ದರೆ, ಜ್ವರ ಬಂದರೆ, ಕೀವು ಕಂಡರೆ ಡಾಕ್ಟರ ಹತ್ತಿರ ಹೋಗಿ, ಅಂಗಡಿಯವನಿಗೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿ ಕೂರಬೇಡಿ.

ಇನ್ನು ನೀರಿಗೆ ಇಳಿಯುವ ವಿಷಯ, ಇದು ಕ್ರೈಸ್ತರಿಗೆಂದೇ ಇರುವ ಮಾತು. ಮೂರು ನಾಲ್ಕು ವಾರ ತೊಟ್ಟಿ, ಕೊಳ, ಕೆರೆ, ಸಮುದ್ರ ಯಾವುದೂ ಕೂಡದು. ಅಂದರೆ ಮುಳುಗಿಸಿ ಕೊಡುವ ದೀಕ್ಷಾಸ್ನಾನಕ್ಕೆ ಮುಂಚಿನ ತಿಂಗಳಲ್ಲಿ ಹಚ್ಚೆ ಹಾಕಿಸಬಾರದು. ಹಾಕಿಸಿದ್ದರೆ ಪಾಸ್ಟರಿಗೆ ಮುಚ್ಚಿಡದೆ ಹೇಳಿ ದಿನ ಮುಂದೂಡಿಸಿಕೊಳ್ಳಬೇಕು. ಆಗಸ್ಟ್ ಕೊನೆಗೆ ವೇಳಾಂಕಣಿಗೆ ಹೊರಡುವವರು ಹರಕೆಯೆಂದು ಅಲ್ಲೋ ಇಲ್ಲೋ ಚುಚ್ಚಿಸಿಕೊಂಡು ಕಡಲಲ್ಲಿ ಮೀಯುವುದು ಇನ್ನೂ ಅಪಾಯ. ಬೆಚ್ಚಗಿನ ಕಡಲನೀರಿನಲ್ಲಿ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಕಾಲಿನ ಮೇಲೆ ಶಿಲುಬೆ ಮತ್ತು ಜೋಡಿಸಿದ ಕೈಗಳ ಹಚ್ಚೆ ಹಾಕಿಸಿ ಐದೇ ದಿನಕ್ಕೆ ಮೆಕ್ಸಿಕೊ ಕೊಲ್ಲಿಯಲ್ಲಿ ಈಜಿದ 31 ವರ್ಷದ ಒಬ್ಬಾತ ಆ ಸೋಂಕಿನಿಂದ ತೀರಿಕೊಂಡದ್ದು 2017ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿಯಾಗಿದೆ. ಕುಡಿತದಿಂದ ಆತನ ಪಿತ್ತಜನಕಾಂಗ ಮೊದಲೇ ಕೆಟ್ಟಿತ್ತು. ಅಂಥವರಿಗೆ ಈ ಬ್ಯಾಕ್ಟೀರಿಯಾ ಯಮದೂತ.

ಜಾಗದ ಆಯ್ಕೆಯಲ್ಲಿ ಕೆಲಸದ ಪ್ರಶ್ನೆಯೂ ಇದೆ. ಕೋಪ್ಟಿಕ್ ಮಾದರಿ ನೋಡಿ ಬಲಗೈಗೆ ಹಾಕಿಸುವವರು ಕೇಳಿಸಿಕೊಳ್ಳಿ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ನೇಮಕಾತಿ ನಿಯಮದಲ್ಲಿ ಧಾರ್ಮಿಕ ಚಿಹ್ನೆ, ಹೆಸರುಗಳ ಹಚ್ಚೆಗೆ ಅವಕಾಶವಿದೆ. ಆದರೆ ಒಳ ಮುಂಗೈಯಾದರೆ ಎಡಗೈಯದೇ ಆಗಬೇಕು, ಬಲಗೈ ಸೆಲ್ಯೂಟ್ ಹೊಡೆಯುವ ಕೈ. ಇಲ್ಲವೇ ಹಸ್ತದ ಹಿಂಬದಿ. ಗಾತ್ರ ಆ ಅಂಗದ ಕಾಲುಭಾಗಕ್ಕಿಂತ ಕಡಿಮೆ ಇರಬೇಕು. ಸೇನೆಯಲ್ಲೂ ಒಳ ಮುಂಗೈ ಮತ್ತು ಹಸ್ತದ ಹಿಂಬದಿ ಬಿಟ್ಟು ಬೇರೆ ಕಡೆ ಶಾಶ್ವತ ಹಚ್ಚೆಗೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಕುತ್ತಿಗೆಯ ಹಿಂದೆ ಶಿಲುಬೆ ಹಾಕಿಸಿದ ಹುಡುಗ ದೈಹಿಕ ಪರೀಕ್ಷೆಯೆಲ್ಲ ಗೆದ್ದು ವೈದ್ಯಕೀಯದಲ್ಲಿ ವಾಪಸಾಗುವುದು ಇದರಿಂದಲೇ. ಕಾಲಿಗಂತೂ ಬೇಡ. 2015ರಲ್ಲಿ ಇದೇ ಬೆಂಗಳೂರಿನಲ್ಲಿ ಮೊಣಕಾಲ ಕೆಳಗೆ ಎಲ್ಲಮ್ಮನ ಹಚ್ಚೆ ಇದ್ದ ಆಸ್ಟ್ರೇಲಿಯಾದ ಯುವಕನನ್ನು ಗುಂಪೊಂದು ಸುತ್ತುವರಿದು ಬೆದರಿಸಿದ ರಗಳೆ ಪತ್ರಿಕೆ ಓದುವವರಿಗೆ ನೆನಪಿದ್ದೀತು. ದೇವರ ಚಿತ್ರ ಕಾಲಿನ ಹತ್ತಿರ ಇದ್ದರೆ ಈ ನೆಲದವರಿಗೆ ಚುರುಕ್ಕೆನ್ನುತ್ತದೆ, ನಾವೂ ಈ ನೆಲದವರೇ.

ಅಕ್ಷರ ಬರೆಸುವವರಿಗೆ ಎರಡು ಮಾತು. ಕನ್ನಡ ಸರಿಯಾಗಿ ಕೂಡಿಸದ ಡಿಸೈನ್ ಸಾಫ್ಟ್‌ವೇರಿಗೆ ‘ಕ್ರಿಸ್ತ’ ಎಂದು ಅಂಟಿಸಿದರೆ ಒತ್ತುಗಳು ಬಿಡಿಬಿಡಿಯಾಗಿ ‘ಕ್‌ರಿಸ್‌ತ’ ಎಂದು ಬರುತ್ತದೆ. ಕನ್ನಡ ಓದಲು ಬಾರದ ಕಲಾವಿದ ಅದನ್ನೇ ಸ್ಟೆನ್ಸಿಲ್, ಅಂದರೆ ಚರ್ಮಕ್ಕೆ ಒತ್ತುವ ನಕಲುಹಾಳೆ, ತೆಗೆದು ಚುಚ್ಚುತ್ತಾನೆ. ಹೀಬ್ರೂ ಬಲದಿಂದ ಎಡಕ್ಕೆ ಓಡುವ ಲಿಪಿ, ಅದು ತಿರುಗಿದರಂತೂ ಗೊತ್ತೇ ಆಗುವುದಿಲ್ಲ. ಕಾಗದದ ಮೇಲೆ ಒಳ್ಳೇ ಕೈಬರಹದವರಿಂದ ಬರೆಸಿಕೊಂಡು ಹೋಗಿ. ಸ್ಟೆನ್ಸಿಲ್ ಚರ್ಮಕ್ಕೆ ಒತ್ತಿದ ಮೇಲೆ, ಸೂಜಿ ಮುಟ್ಟುವ ಮೊದಲು, ಜೊತೆಗೆ ಬಂದವರಿಂದ ಜೋರಾಗಿ ಓದಿಸಿ. ಕನ್ನಡಿಯಲ್ಲಿ, ಸೆಲ್ಫಿಯಲ್ಲಿ ಅಕ್ಷರ ತಿರುಗುಮುರುಗಾಗುತ್ತದೆ, ನಂಬಬೇಡಿ. ‘ಯೇಸು’ವಿನ ‘ಯ’ದೊಳಗಿನ ಸುರುಳಿ ಕಾಲಾಂತರದಲ್ಲಿ ಶಾಯಿ ಹರಡಿ ಮುಚ್ಚಿಕೊಳ್ಳುತ್ತದೆ, ಹಾಗಾಗಿ ಅಕ್ಷರ ಒಂದು ಸೆಂಟಿಮೀಟರ್ ಎತ್ತರಕ್ಕೆ ಕಡಿಮೆಯಾಗದಿರಲಿ. ಇಡೀ ಕೀರ್ತನೆ ಬರೆಸುವ ಆಸೆಯಿದ್ದವರು ಬರಿಯ ಅಧ್ಯಾಯ, ವಚನದ ಅಂಕಿ ಹಾಕಿಸಿದರೆ ಸಾಕಲ್ಲವೇ.

ಇದಕ್ಕೆ ಅಂಟಿಕೊಂಡ ಇನ್ನೊಂದು ವಿಷಯ ನನಗೆ ನಿಜಕ್ಕೂ ಬೇಸರ ತರಿಸುವಂಥದ್ದು. ಹೊಸದಾಗಿ ಸಭೆಗೆ ಸೇರಿದವರ ಮೈಮೇಲಿನ ಹಳೇ ಹಚ್ಚೆಯನ್ನು ತೆಗೆಸಿ ಬನ್ನಿ ಎಂದು ಒತ್ತಾಯಿಸುವವರಿದ್ದಾರೆ. ಹಳ್ಳಿಯ ಅಜ್ಜಿಯರ ಮುಂಗೈಯಲ್ಲಿ ಕೊರವಂಜಿಯರು ಎಂದೋ ಹುಯ್ದ ಚೇಳು, ತುಳಸಿಕಟ್ಟೆ, ರಂಗೋಲಿ ಚುಕ್ಕಿ ಇರುತ್ತವೆ. ಸತ್ತಾಗ ಒಡವೆ ಬಿಚ್ಚಿಕೊಳ್ಳುತ್ತಾರೆ, ಹಚ್ಚೆಯೊಂದೇ ಜೊತೆಗೆ ಬರುವುದು ಎಂದು ನಂಬಿದ್ದ ಕಾಲದ್ದು ಅದು. ಅದನ್ನು ಅಳಿಸಲು ಯಾವ ವಚನದ ಅಪ್ಪಣೆಯೂ ಇಲ್ಲ. ಲೇಸರ್ ಎಂದರೆ ರಬ್ಬರಿನಲ್ಲಿ ಒರೆಸಿದಂತಲ್ಲ. ಕಪ್ಪು ಶಾಯಿಗೆ 1064 ನ್ಯಾನೋಮೀಟರ್ ತರಂಗದ ಎನ್‌ಡಿ-ಯಾಗ್ ಎಂಬ ಬಗೆಯ ಲೇಸರ್ ಬಳಸುತ್ತಾರೆ. ಆರರಿಂದ ಎಂಟು ವಾರಕ್ಕೊಮ್ಮೆಯಂತೆ ಸಾಮಾನ್ಯವಾಗಿ ಆರರಿಂದ ಹತ್ತು ಸಲ ಹೋಗಬೇಕು, ಅಂದರೆ ವರ್ಷದ ಮಾತು. ಪ್ರತಿ ಸಲವೂ ಸಾವಿರಗಳಲ್ಲಿ ಖರ್ಚು. ಅಷ್ಟಾದ ಮೇಲೂ ನಮ್ಮ ಬಣ್ಣದ ಚರ್ಮದಲ್ಲಿ ಬಿಳಿಚಿದ ನೆರಳು ಉಳಿಯಬಹುದು, ಹಸಿರು ಬಣ್ಣವಂತೂ ಜಗ್ಗುವುದೇ ಕಷ್ಟ. ಅಷ್ಟು ದುಡ್ಡು ಇಲ್ಲದವರಿಗೆ ಆ್ಯಸಿಡ್ಡಿನಂಥ ಮುಲಾಮು ಹಚ್ಚಲು ಹೇಳುವುದು ಕ್ರೌರ್ಯ.

ಸಭೆಗಳ ಯುವಜನ ಸಮಿತಿಗಳಲ್ಲಿ ಒಂದು ಕೋರಿಕೆ. ಚರ್ಚಿನ ರಕ್ತದಾನ ಶಿಬಿರಕ್ಕೆ ಬಂದ ಮೇಲೆ ಹುಡುಗರಿಗೆ ಗೊತ್ತಾಗುತ್ತದೆ, ಹಚ್ಚೆ ಹಾಕಿಸಿ ವರ್ಷ ತುಂಬದಿದ್ದರೆ ರಕ್ತ ತೆಗೆದುಕೊಳ್ಳುವುದಿಲ್ಲ ಎಂದು. ಅದನ್ನು ಮೊದಲೇ ಹೇಳಿ. ಹೆಪಟೈಟಿಸ್ ಬಿ ಲಸಿಕೆಯ ಬಗ್ಗೆಯೂ ಹೇಳಿ. ಮಕ್ಕಳ ಸರ್ಕಾರಿ ಲಸಿಕೆ ಪಟ್ಟಿಗೆ ಅದು ದೇಶದ ಎಲ್ಲೆಡೆ ಸೇರಿದ್ದು 2011ರ ಹೊತ್ತಿಗೆ. ಅದಕ್ಕೆ ಮುಂಚೆ ಹುಟ್ಟಿದ ಅನೇಕರಿಗೆ ಬಿದ್ದೇ ಇಲ್ಲ. ಹೆಪಟೈಟಿಸ್ ಸಿಗೆ ಲಸಿಕೆಯೇ ಇಲ್ಲ, ಎಚ್‌ಐವಿಗೂ ಇಲ್ಲ, ಅದಕ್ಕೆ ಹೊಸ ಸೂಜಿಯೊಂದೇ ಗತಿ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸು: ಇವತ್ತು ಒಂದು, ತಿಂಗಳಿಗೆ ಒಂದು, ಆರನೇ ತಿಂಗಳಿಗೆ ಒಂದು. ಶುಭ ಶುಕ್ರವಾರಕ್ಕೆ ಶಿಲುಬೆ ಹಾಕಿಸಿಕೊಳ್ಳಬೇಕು ಅನ್ನುವವರು ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ಸೆಪ್ಟೆಂಬರ್ 8ರ ಹಬ್ಬದ ಹೊತ್ತಿಗೆ ಮೊದಲ ಡೋಸ್ ತೆಗೆದುಕೊಂಡರೆ ಕೊನೆಯದು ಮಾರ್ಚ್ 8ರ ಸುಮಾರಿಗೆ ಬರುತ್ತದೆ. ಶುಭ ಶುಕ್ರವಾರ ಯಾವ ವರ್ಷವೂ ಮಾರ್ಚ್ 20ಕ್ಕಿಂತ ಮೊದಲು ಬೀಳುವುದಿಲ್ಲ.

ಇಂತಿ,
ನಿವೃತ್ತ ಶುಶ್ರೂಷಕಿ ಹಾಗೂ ಸಂಡೇ ಸ್ಕೂಲ್ ಶಿಕ್ಷಕಿ
ಕಾಕ್ಸ್‌ಟೌನ್, ಬೆಂಗಳೂರು